78ರಿಂದ 81ಕ್ಕೆ: ಹಳೆಯ ಜಿಎಸ್‌ಎಕ್ಸ್-ಆರ್ 1100 ಎಂಜಿನ್‌ನ ಸಿಸಿ ಏರಿಸಿದ ಒಂದು ಪ್ರಕರಣ

ಈ ಬೈಕ್ ನನ್ನ ಬಳಿಗೆ ಬಂದದ್ದು ಸಿಸಿ ಏರಿಸುವುದಕ್ಕಲ್ಲ, ಮೂರನೇ ಸಿಲಿಂಡರ್‌ನಲ್ಲಿ ಪಿಸ್ಟನ್ ಹಿಡಿದುಕೊಂಡದ್ದಕ್ಕೆ. 1989ರ ಸುಜುಕಿ ಜಿಎಸ್‌ಎಕ್ಸ್-ಆರ್ 1100. ಐದನೇ ಗೇರ್‌ನಲ್ಲಿ ಓಡುತ್ತಿದ್ದಾಗ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಚಕ್ರ ಒಮ್ಮೆ ಜಗ್ಗಿತು. ಮಾಲೀಕರು ತಕ್ಷಣ ಕ್ಲಚ್ ಹಿಡಿದರು. ಆ ಎಚ್ಚರವೇ ಕ್ರ್ಯಾಂಕ್‌ಶಾಫ್ಟನ್ನೂ ರಾಡ್‌ಗಳನ್ನೂ ಉಳಿಸಿತು. ತಣ್ಣಗಾದ ಮೇಲೆ ಎಂಜಿನ್ ಮತ್ತೆ ಸ್ಟಾರ್ಟ್ ಆಯಿತು, ಆದರೆ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ, ಸಿಲಿಂಡರ್ ಬ್ಲಾಕ್‌ನಲ್ಲಿ ತಟತಟ ಸದ್ದು.

ಬಿಚ್ಚಿ ನೋಡಿದರೆ ಪಿಸ್ಟನ್‌ನ ಎಕ್ಸಾಸ್ಟ್ ಬದಿಯ ಅಲ್ಯೂಮಿನಿಯಂ ಕರಗಿ ಲೈನರ್‌ಗೆ, ಅಂದರೆ ಸಿಲಿಂಡರ್‌ನ ಒಳಗೋಡೆಗೆ, ಬಳಿದುಕೊಂಡಿತ್ತು. ಲೈನರ್ ಮೇಲಿನ ಗೀರುಗಳು ಉಗುರಿಗೆ ಸಿಕ್ಕುವಷ್ಟು ಆಳವಾಗಿದ್ದವು. ಬರಿಯ ಹೋನಿಂಗ್‌ನಿಂದ (ಕಲ್ಲಿನಿಂದ ನಯವಾಗಿ ಉಜ್ಜುವುದರಿಂದ) ಹೋಗುವ ಗಾಯವಾಗಿರಲಿಲ್ಲ. ಮಾಲೀಕರು ಅದನ್ನು ಬೆರಳಿನಿಂದ ಸವರಿ ನೋಡಿ, “ಹೇಗಿದ್ದರೂ ಬೋರ್ ಮಾಡಲೇಬೇಕಲ್ಲ, 81ಕ್ಕೇ ಹೋಗೋಣ. ಎಷ್ಟೋ ವರ್ಷದ ಆಸೆ ಇದು” ಎಂದರು. ಸಿಲಿಂಡರ್‌ನ ವ್ಯಾಸವನ್ನು 78ರಿಂದ 81 ಮಿ.ಮೀ.ಗೆ ಹಿಗ್ಗಿಸುವ ಆಸೆ ಅದು. ಅಲ್ಲಿಂದ ಈ ಪ್ರಕರಣ ಶುರುವಾಯಿತು. ಇದರಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ. ಅದನ್ನು ಬಿಡದೆ ಬರೆಯುತ್ತೇನೆ, ಏಕೆಂದರೆ ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಅದೇ.

ಲೆಕ್ಕ

ಈ ಎಂಜಿನ್‌ನ ಬೋರ್ (ಸಿಲಿಂಡರ್‌ನ ವ್ಯಾಸ) 78 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಕ್ಕೆ ಸಾಗುವ ದೂರ) 59 ಮಿ.ಮೀ., ಒಟ್ಟು 1127 ಸಿಸಿ. ಬೋರ್ 81 ಆದರೆ 1216 ಸಿಸಿ. ಮೂರು ಮಿಲಿಮೀಟರ್‌ಗೆ ಸುಮಾರು 88 ಸಿಸಿ ಏರುವುದು ಹೇಗೆ ಎಂದು ಹೊಸಬರು ಕೇಳುವುದುಂಟು. ಸಿಲಿಂಡರ್‌ನ ಗಾತ್ರ ಬೋರ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಸ್ಟ್ರೋಕ್‌ಗೆ ಮಾತ್ರ ನೇರ ಪ್ರಮಾಣದಲ್ಲಿ. ಇದೇ ಎಂಜಿನ್‌ನಲ್ಲಿ ಬೋರನ್ನು ಒಂದು ಮಿಲಿಮೀಟರ್ ಹಿಗ್ಗಿಸಿದರೆ 1157 ಸಿಸಿ ಆಗುತ್ತದೆ. ಸ್ಟ್ರೋಕನ್ನು ಅಷ್ಟೇ ಹೆಚ್ಚಿಸಿದರೆ 1147ರಲ್ಲಿ ನಿಲ್ಲುತ್ತದೆ. ಅದೂ ಅಲ್ಲದೆ ಸ್ಟ್ರೋಕ್ ಹೆಚ್ಚಿಸಬೇಕಾದರೆ ಕ್ರ್ಯಾಂಕ್‌ಶಾಫ್ಟನ್ನೇ ಮುಟ್ಟಬೇಕು. ಬೋರ್ ಹಿಗ್ಗಿಸುವುದು ಲೇತ್ ಮತ್ತು ಬೋರಿಂಗ್ ಯಂತ್ರ ಇರುವ ಒಳ್ಳೆಯ ಕೆಲಸಗಾರರ ಕೈಯಲ್ಲಿ ಆಗುವ ಕೆಲಸ.

ಸುಜುಕಿ ಕಂಪನಿಯೇ ಈ ಎಂಜಿನ್ ಕುಟುಂಬವನ್ನು ಹಂತಹಂತವಾಗಿ ಹಿಗ್ಗಿಸಿದ ಇತಿಹಾಸ ನನಗೆ ಯಾವಾಗಲೂ ಪಾಠದಂತೆ ಕಾಣುತ್ತದೆ. 1986ರ ಮೊದಲ 1100ರಲ್ಲಿ 76 ಮತ್ತು 58ರ ಅಳತೆ, 1052 ಸಿಸಿ. 1989ರಲ್ಲಿ 78 ಮತ್ತು 59, 1127 ಸಿಸಿ. 1990ರ ದಶಕದ ಮಧ್ಯದಲ್ಲಿ ಬಂದ ಬ್ಯಾಂಡಿಟ್ 1200ರಲ್ಲಿ ಸ್ಟ್ರೋಕ್ ಅದೇ 59, ಬೋರ್ 79, ಹೀಗೆ 1157 ಸಿಸಿ; ಜೊತೆಗೆ ಕಂಪ್ರೆಷನ್ ಅನುಪಾತವನ್ನು (ಸಿಲಿಂಡರ್‌ನೊಳಗಿನ ಮಿಶ್ರಣ ಎಷ್ಟು ಪಟ್ಟು ಹಿಂಡಲ್ಪಡುತ್ತದೆ ಎಂಬುದನ್ನು) 10ರಿಂದ 9.5ಕ್ಕೆ ಇಳಿಸಿದರು. 2001ರ ಜಿಎಸ್‌ಎಕ್ಸ್ 1400ರಲ್ಲಿ ಬೋರ್ 81ಕ್ಕೆ ಹೋಯಿತು, ಆದರೆ ಅದು 68 ಮಿ.ಮೀ. ಸ್ಟ್ರೋಕ್‌ನ ಬೇರೆಯದೇ ಎಂಜಿನ್. ಹಳೆಯ ಬ್ಲಾಕ್‌ನಲ್ಲಿ ಕಾರ್ಖಾನೆ ಧೈರ್ಯ ಮಾಡಿದ್ದು 79ರವರೆಗೆ. ಹಾಗಾಗಿ ನನ್ನ ಮೊದಲ ಸಲಹೆ 79 ಆಗಿತ್ತು. ಬ್ಯಾಂಡಿಟ್‌ನ ಪಿಸ್ಟನ್ ಹಾಕಿ, ಗೀರು ಹೋಗುವಷ್ಟು ಬೋರ್ ಮಾಡಿಸಿ, ನಿಶ್ಚಿಂತೆಯಿಂದ ಓಡಿಸಬಹುದಿತ್ತು. ಮಾಲೀಕರು ಒಪ್ಪಲಿಲ್ಲ. ಬೈಕ್ ಅವರದು, ಸವಾರಿ ಅವರದು. 81 ಅಸಾಧ್ಯವೇನೂ ಅಲ್ಲ, ಈ ಎಂಜಿನ್‌ಗೆ ಬಹುಕಾಲದಿಂದ ಬಳಕೆಯಲ್ಲಿರುವ ಅಳತೆಯೇ. ನಾನು ಇಟ್ಟ ಷರತ್ತು ಒಂದೇ: ಪಿಸ್ಟನ್ ಹಿಡಿದುಕೊಂಡದ್ದು ಏಕೆ ಎಂದು ಗೊತ್ತಾಗುವವರೆಗೆ 81ರ ಪಿಸ್ಟನ್‌ಗಳ ಕಿಟ್ ತರಿಸುವುದಿಲ್ಲ.

ಮೂರನೇ ಸಿಲಿಂಡರ್ ಏಕೆ

ನಾಲ್ಕರಲ್ಲಿ ಒಂದೇ ಸಿಲಿಂಡರ್ ಹಿಡಿದುಕೊಂಡರೆ ಕಾರಣವನ್ನು ಆ ಸಿಲಿಂಡರ್‌ನಲ್ಲೇ ಹುಡುಕಬೇಕು. ಇಡೀ ಎಂಜಿನ್‌ನಲ್ಲಿ ಎಣ್ಣೆ ಕಡಿಮೆಯಾಗಿದ್ದರೆ ಬೇರಿಂಗ್‌ಗಳು ಮೊದಲು ಹೇಳುತ್ತವೆ, ಅವು ಚೆನ್ನಾಗಿದ್ದವು. ಮೂರನೇ ಕಾರ್ಬ್ಯುರೇಟರ್‌ನ ಜೆಟ್ ಕಟ್ಟಿಕೊಂಡು ಮಿಶ್ರಣ ತೆಳುವಾಗಿರಬಹುದೆಂದು ಬಿಚ್ಚಿದೆ, ಅಲ್ಲಿ ದೋಷ ಇರಲಿಲ್ಲ. ಇಂಟೇಕ್ ರಬ್ಬರ್‌ನಲ್ಲಿ ಬಿರುಕಿಲ್ಲ.

ಈ ಎಂಜಿನ್‌ನ ವಿಶೇಷವನ್ನು ಇಲ್ಲಿ ಹೇಳಬೇಕು. 1985ರ ಜಿಎಸ್‌ಎಕ್ಸ್-ಆರ್ 750ರೊಂದಿಗೆ ಸುಜುಕಿ ತಂದ ವ್ಯವಸ್ಥೆ ಇದು. ನೀರಿನ ತೂಕವನ್ನು ತಪ್ಪಿಸಿ, ಎಣ್ಣೆಯಿಂದಲೇ ಎಂಜಿನ್ ತಣಿಸುವ ವಿಧಾನ. ಎಣ್ಣೆಯ ಪಂಪ್‌ನಲ್ಲಿ ಎರಡು ಭಾಗಗಳು. ಒಂದು ಬೇರಿಂಗ್‌ಗಳಿಗೆ ಒತ್ತಡದಲ್ಲಿ ಎಣ್ಣೆ ಕಳುಹಿಸುತ್ತದೆ, ಇನ್ನೊಂದು ಹೆಚ್ಚಿನ ಪ್ರಮಾಣದಲ್ಲಿ ಸಿಲಿಂಡರ್ ಹೆಡ್‌ನ ಮೇಲೆ, ದಹನ ಕೋಣೆಗಳ ಬೆನ್ನ ಮೇಲೆ ಸುರಿಯುತ್ತದೆ. ಜೊತೆಗೆ ಪ್ರತಿ ಪಿಸ್ಟನ್‌ನ ತಳಕ್ಕೆ ಸಣ್ಣ ಜೆಟ್‌ನಿಂದ ಎಣ್ಣೆ ಚಿಮ್ಮುತ್ತದೆ. ಪಿಸ್ಟನ್‌ನ ನೆತ್ತಿಯ ಬಿಸಿ ರಿಂಗ್‌ಗಳ ಮೂಲಕ ಲೈನರ್‌ಗೆ ಹೋಗುವುದಲ್ಲದೆ ಈ ಎಣ್ಣೆಗೂ ಹೋಗುತ್ತದೆ.

ಕ್ರ್ಯಾಂಕ್‌ಕೇಸ್ ತೊಳೆದು ನಾಲ್ಕು ಜೆಟ್‌ಗಳಿಗೂ ಗಾಳಿ ಹಾಯಿಸಿದೆ. ಮೂರನೆಯದರಲ್ಲಿ ಗಾಳಿ ಬರಲಿಲ್ಲ. ತೆಳುವಾದ ತಂತಿಯಿಂದ ಮೆಲ್ಲನೆ ಕೆದಕಿದಾಗ ಬೂದು ಬಣ್ಣದ ರಬ್ಬರ್ ಚೂರೊಂದು ಹೊರಬಂತು. ಜೋಡಣೆಯ ಸಮಯದಲ್ಲಿ ಹಚ್ಚುವ ಸೀಲೆಂಟ್. ಕಾರ್ಖಾನೆಯಲ್ಲಿ ಹಾಕಿದ್ದಲ್ಲ, ಅದರ ಬಣ್ಣವೇ ಬೇರೆ. ಅಂದರೆ ಈ ಎಂಜಿನನ್ನು ಹಿಂದೆ ಯಾರೋ ಬಿಚ್ಚಿದ್ದಾರೆ, ಸೀಲೆಂಟನ್ನು ಅಗತ್ಯಕ್ಕಿಂತ ಹೆಚ್ಚು ಹಚ್ಚಿದ್ದಾರೆ, ಒಳಕ್ಕೆ ಹಿಂಡಿದ ಚೂರು ಎಣ್ಣೆಯ ದಾರಿಯಲ್ಲಿ ತೇಲಿ ಬಂದು ಅಲ್ಲಿ ಕೂತಿದೆ. ಈಗಿನ ಮಾಲೀಕರಿಗೆ ಆ ಹಿಂದಿನ ಕೆಲಸದ ಬಗ್ಗೆ ಏನೂ ಗೊತ್ತಿರಲಿಲ್ಲ.

ಇದನ್ನು ನೋಡದೆ ನೇರವಾಗಿ ಬೋರ್ ಮಾಡಿದ್ದರೆ ಏನಾಗುತ್ತಿತ್ತು ಎಂಬುದು ಸ್ಪಷ್ಟ. ಪಿಸ್ಟನ್ ದೊಡ್ಡದಾದಷ್ಟೂ ನೆತ್ತಿಯ ನಡುವಿನಿಂದ ಲೈನರ್‌ವರೆಗೆ ಬಿಸಿ ಸಾಗಬೇಕಾದ ದೂರ ಹೆಚ್ಚು. ಹಳೆಯ ಪಿಸ್ಟನ್ ಒಣ ಜೆಟ್‌ನ ಮೇಲೆ ಕೆಲವು ಸಾವಿರ ಕಿಲೋಮೀಟರ್ ತಾಳಿಕೊಂಡಿದ್ದರೆ, ಹೊಸದು ಅಷ್ಟೂ ತಾಳುತ್ತಿರಲಿಲ್ಲ. ಎಲ್ಲ ಜೆಟ್‌ಗಳನ್ನೂ ಬಿಚ್ಚಿ ತೊಳೆದು, ಎಣ್ಣೆಯ ದಾರಿಗಳಲ್ಲಿ ಒಂದೊಂದಕ್ಕೂ ಸೀಮೆಎಣ್ಣೆ ಮತ್ತು ಗಾಳಿ ಹಾಯಿಸಿ, ಆಮೇಲೆ ಕಿಟ್ ತರಿಸಿದೆವು.

ಬೋರಿಂಗ್

81ಕ್ಕೆ ಹೋದಾಗ ಲೈನರ್‌ನ ಗೋಡೆ ಸುತ್ತಲೂ 1.5 ಮಿ.ಮೀ. ತೆಳುವಾಗುತ್ತದೆ, ಅಕ್ಕಪಕ್ಕದ ಎರಡು ಸಿಲಿಂಡರ್‌ಗಳ ನಡುವೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವೆ ಸೋರಿಕೆ ತಡೆಯುವ ಹಾಳೆ) ಕೂರುವ ಪಟ್ಟಿ 3 ಮಿ.ಮೀ. ಕಿರಿದಾಗುತ್ತದೆ. ಲೈನರ್ ತೆಳುವಾದರೆ ಬಿಸಿಯಲ್ಲಿ ದುಂಡಗೆ ಉಳಿಯುವುದು ಕಷ್ಟ. ಆದ್ದರಿಂದ ಬೋರಿಂಗ್ ಮಾಡುವವರು ಯಾರು ಎಂಬುದು ಕಿಟ್ ಯಾವುದು ಎಂಬುದಕ್ಕಿಂತ ಮುಖ್ಯ. ನಾನು ಕೆಲಸ ಕೊಟ್ಟ ಹಿರಿಯರು ಬ್ಲಾಕ್ ಜೊತೆಗೆ ನಾಲ್ಕೂ ಪಿಸ್ಟನ್‌ಗಳನ್ನು ಕೇಳಿ ಪಡೆದುಕೊಂಡರು. “ಪೆಟ್ಟಿಗೆಯ ಮೇಲೆ 81 ಎಂದಿದ್ದರೆ ಸಾಲದು, ಪಿಸ್ಟನನ್ನು ನಾನೇ ಅಳೆಯಬೇಕು” ಎಂದರು. ಆ ಮಾತು ನನ್ನ ಕಿವಿಗೆ ಸರಿಯಾಗಿ ಬಿದ್ದಿದ್ದರೆ ಮುಂದಿನ ತಪ್ಪು ಆಗುತ್ತಿರಲಿಲ್ಲ.

ಅವರು ಬ್ಲಾಕ್‌ನ ಮೇಲೆ ದಪ್ಪ ಲೋಹದ ಪ್ಲೇಟನ್ನು ಹೆಡ್‌ನಷ್ಟೇ ಬಿಗಿಯಾಗಿ ಬೋಲ್ಟ್ ಮಾಡಿ, ಆ ಸ್ಥಿತಿಯಲ್ಲೇ ಹೋನಿಂಗ್ ಮಾಡಿದರು. ಹೆಡ್ ಬಿಗಿದಾಗ ಸ್ಟಡ್‌ಗಳ ಎಳೆತಕ್ಕೆ ಸಿಲಿಂಡರ್ ಸ್ವಲ್ಪ ಸೊಟ್ಟಗಾಗುತ್ತದೆ. ಬಿಡಿಯಾಗಿ ದುಂಡಗೆ ಕಂಡದ್ದು ಜೋಡಿಸಿದ ಮೇಲೆ ದುಂಡಗಿರುವುದಿಲ್ಲ. ಪ್ಲೇಟ್ ಹಾಕಿ ಹೋನ್ ಮಾಡಿದರೆ ಕೆಲಸ ಮಾಡುವ ಸ್ಥಿತಿಯಲ್ಲಿ ದುಂಡಗೆ ಬರುತ್ತದೆ. ಕೊನೆಯ ಕೆಲವು ನೂರನೇ ಮಿಲಿಮೀಟರ್‌ಗಳನ್ನು ಹೋನಿಂಗ್‌ಗೆಂದೇ ಉಳಿಸಿಕೊಂಡು, ಪ್ರತಿ ಸಿಲಿಂಡರನ್ನು ಅದಕ್ಕೆ ಗೊತ್ತುಪಡಿಸಿದ ಪಿಸ್ಟನ್‌ಗೆ ಹೊಂದಿಸಿದರು. ಕಿಟ್‌ನ ಪಿಸ್ಟನ್‌ಗಳು ಫೋರ್ಜ್ ಮಾಡಿದವು, ಸಿಲಿಕಾನ್ ಕಡಿಮೆ ಇರುವ ಮಿಶ್ರಲೋಹದವು. ಅವು ಗಟ್ಟಿ, ಆದರೆ ಬಿಸಿಗೆ ಹೆಚ್ಚು ಹಿಗ್ಗುತ್ತವೆ. ತಯಾರಕರು ಹೇಳಿದ 0.06 ಮಿ.ಮೀ. ಅಂತರಕ್ಕೆ ಕಡಿಮೆ ಮಾಡಲಿಲ್ಲ. ರಿಂಗ್‌ಗಳ ತುದಿಗಳ ನಡುವಿನ ಅಂತರವನ್ನು ಸಿಲಿಂಡರ್‌ನೊಳಗೇ ಇಟ್ಟು ಫೀಲರ್ ಗೇಜ್‌ನಿಂದ ನೋಡಿ, ಮೇಲಿನದಕ್ಕೆ 0.36, ಎರಡನೆಯದಕ್ಕೆ 0.40 ಬರುವಂತೆ ಅರದಿಂದ ಉಜ್ಜಿದೆ.

ನನ್ನ ತಪ್ಪು

ಬೋರ್ ಹಿಗ್ಗಿದರೆ ಕಂಪ್ರೆಷನ್ ತಾನಾಗಿಯೇ ಏರುತ್ತದೆ. ಮೂಲ ಎಂಜಿನ್‌ನಲ್ಲಿ ಒಂದು ಸಿಲಿಂಡರ್‌ನ ಗಾತ್ರ 281.9 ಸಿಸಿ. ಅನುಪಾತ 10 ಇರಬೇಕಾದರೆ ಪಿಸ್ಟನ್ ತುತ್ತತುದಿಯಲ್ಲಿದ್ದಾಗ ಮೇಲೆ ಉಳಿಯುವ ಜಾಗ 31.3 ಸಿಸಿ. 81ರಲ್ಲಿ ಸಿಲಿಂಡರ್‌ನ ಗಾತ್ರ 304 ಸಿಸಿ. ಮೇಲಿನ ಜಾಗ ಹಾಗೆಯೇ ಉಳಿದರೆ ಅನುಪಾತ 10.7 ಆಗುತ್ತದೆ. ನಮ್ಮ ಕಿಟ್‌ನ ಪಿಸ್ಟನ್ ನೆತ್ತಿಯ ಆಕಾರ ಬೇರೆ. ಅದರ ಕಾಗದದಲ್ಲಿ 10.5 ಎಂದು ಅಚ್ಚಾಗಿತ್ತು. ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ಗೆ, ಎಣ್ಣೆಯಿಂದ ತಣಿಯುವ ಎಂಜಿನ್‌ಗೆ ಅದು ಒಪ್ಪುವ ಸಂಖ್ಯೆ. ನಾನು ಅದನ್ನು ನಂಬಿದೆ.

ನಾನು ಅಳೆದದ್ದು ಸ್ಕ್ವಿಶ್ ಅಂತರವನ್ನು. ಪಿಸ್ಟನ್‌ನ ಅಂಚು ಹೆಡ್‌ನ ಚಪ್ಪಟೆ ಅಂಚಿಗೆ ಎಷ್ಟು ಹತ್ತಿರ ಬರುತ್ತದೆ ಎಂಬ ಅಳತೆ ಅದು. ಆ ಅಂತರ ಕಿರಿದಾಗಿದ್ದರೆ ಅಂಚಿನ ಮಿಶ್ರಣ ನಡುವಿಗೆ ಜೋರಾಗಿ ಹಿಂಡಲ್ಪಟ್ಟು ದಹನ ಬೇಗ, ಸಮವಾಗಿ ಆಗುತ್ತದೆ, ನಾಕಿಂಗ್, ಅಂದರೆ ಮಿಶ್ರಣ ತಾನಾಗಿಯೇ ಸಿಡಿಯುವ ಸಾಧ್ಯತೆ ತಗ್ಗುತ್ತದೆ. ತೀರಾ ಕಿರಿದಾದರೆ ಹೆಚ್ಚಿನ ವೇಗದಲ್ಲಿ ಪಿಸ್ಟನ್ ಹೆಡ್‌ಗೆ ತಾಗುತ್ತದೆ. ಬೆಸುಗೆಯ ಮೆದು ತಂತಿಯನ್ನು ಪಿಸ್ಟನ್ ಮೇಲಿಟ್ಟು ಕ್ರ್ಯಾಂಕ್ ತಿರುಗಿಸಿ, ಜಜ್ಜಿದ ತಂತಿಯನ್ನು ಮೈಕ್ರೋಮೀಟರ್‌ನಿಂದ ಅಳೆದೆ. ಮೂಲಕ್ಕಿಂತ 0.2 ಮಿ.ಮೀ. ತೆಳುವಾದ ಬೇಸ್ ಗ್ಯಾಸ್ಕೆಟ್ (ಬ್ಲಾಕ್‌ನ ಅಡಿಯಲ್ಲಿ ಕೂರುವ ಹಾಳೆ) ಹಾಕಿದಾಗ ನಾಲ್ಕೂ ಸಿಲಿಂಡರ್‌ಗಳಲ್ಲಿ 1.0 ಮಿ.ಮೀ. ಸುತ್ತಮುತ್ತ ಬಂತು. ನನಗೆ ಬೇಕಿದ್ದ ಅಳತೆ ಅದೇ. ಸಂತೋಷದಿಂದ ಹೆಡ್ ಬಿಗಿದೆ. ದಹನ ಕೋಣೆಯ ಗಾತ್ರವನ್ನು ಬ್ಯೂರೆಟ್‌ನಿಂದ (ದ್ರವ ಅಳೆಯುವ ಗೆರೆ ಹಾಕಿದ ಕೊಳವೆಯಿಂದ) ಅಳೆಯುವುದಕ್ಕೆ ಒಂದು ಮಧ್ಯಾಹ್ನ ಬೇಕಿತ್ತು. ಆ ಮಧ್ಯಾಹ್ನವನ್ನು ನಾನು ಕೊಡಲಿಲ್ಲ.

ಎಂಜಿನ್ ಮೊದಲ ಒತ್ತಿಗೇ ಹೊತ್ತಿಕೊಂಡಿತು. ಪಿಸ್ಟನ್ ರಿಂಗ್ ಕೂರುವವರೆಗೆ ಮೆಲ್ಲನೆ ಓಡಿಸಿ, ಮೊದಲ ಎಣ್ಣೆ ಬದಲಾಯಿಸಿ, ಮಾಲೀಕರು ದೂರದ ಸವಾರಿಗೆ ಹೋದರು. ಸುಮಾರು 600 ಕಿ.ಮೀ. ಆದ ಮೇಲೆ ಫೋನ್ ಬಂತು. “ಬಿಸಿಲಿನಲ್ಲಿ ಘಾಟಿ ಹತ್ತುವಾಗ, ಕಡಿಮೆ ಸುತ್ತಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟರೆ ಎಂಜಿನ್ ಸದ್ದು ಒಣಗಿದ ಹಾಗೆ ಆಗುತ್ತದೆ, ಡಬ್ಬದಲ್ಲಿ ಗೋಲಿ ಅಲುಗಾಡಿಸಿದ ಹಾಗೆ” ಎಂದರು. ತಕ್ಷಣ ನಿಲ್ಲಿಸಿ, ನಿಧಾನವಾಗಿ ವಾಪಸು ಬನ್ನಿ, ಏರಿನಲ್ಲಿ ಜೋರು ಮಾಡಬೇಡಿ ಎಂದೆ.

ಪ್ಲಗ್‌ಗಳನ್ನು ಬಿಚ್ಚಿದಾಗ ಬಿಳಿಯ ಪಿಂಗಾಣಿಯ ಮೇಲೆ ಮಸಿ ಉದುರಿಸಿದಂತೆ ಸಣ್ಣ ಚುಕ್ಕೆಗಳು. ಭೂತಗನ್ನಡಿಯಲ್ಲಿ ಕೆಲವು ಹೊಳೆಯುತ್ತಿದ್ದವು. ಅದು ಪಿಸ್ಟನ್‌ನ ಅಲ್ಯೂಮಿನಿಯಂ. ನಾಕಿಂಗ್ ಆಗುತ್ತಿರುವುದರಲ್ಲಿ ಸಂದೇಹ ಉಳಿಯಲಿಲ್ಲ. ಮೊದಲು ಇಗ್ನಿಷನ್ ಟೈಮಿಂಗ್ ನೋಡಿದೆ, ಸರಿಯಿತ್ತು. ಮಿಶ್ರಣ ನೋಡಿದೆ, ತೆಳುವಾಗಿರಲಿಲ್ಲ. ಕಂಪ್ರೆಷನ್ ಗೇಜ್ ಹಾಕಿದೆ. ಹೆಚ್ಚಿತ್ತು, ಆದರೆ ಹೌಹಾರುವಷ್ಟೇನೂ ಅಲ್ಲ. ಹೆಡ್ ಮತ್ತೆ ಬಿಚ್ಚಿದೆ.

ಬ್ಯೂರೆಟ್ ಹೇಳಿದ ಸತ್ಯ

ಈ ಬಾರಿ ದಹನ ಕೋಣೆಯನ್ನು ತಲೆಕೆಳಗಾಗಿಟ್ಟು, ಗ್ರೀಸ್ ಹಚ್ಚಿ ಪಾರದರ್ಶಕ ಅಕ್ರಿಲಿಕ್ ಹಲಗೆ ಮುಚ್ಚಿ, ರಂಧ್ರದಿಂದ ಬ್ಯೂರೆಟ್ ಮೂಲಕ ದ್ರವ ತುಂಬಿಸಿದೆ. ಪಿಸ್ಟನ್ ನೆತ್ತಿಯ ಉಬ್ಬನ್ನೂ ಹಾಗೆಯೇ ಅಳೆದೆ: ಪಿಸ್ಟನನ್ನು ತುದಿಯಿಂದ ಗೊತ್ತಾದಷ್ಟು ಕೆಳಗಿಳಿಸಿ, ಮೇಲಿನ ಜಾಗ ತುಂಬಲು ಎಷ್ಟು ಬೇಕೆಂದು ನೋಡಿ, ಲೆಕ್ಕದ ಗಾತ್ರದಿಂದ ಕಳೆದೆ. ಗ್ಯಾಸ್ಕೆಟ್‌ನ ದಪ್ಪವನ್ನೂ ಸೇರಿಸಿದಾಗ ಒಟ್ಟು ಜಾಗ 28.6 ಸಿಸಿ. ಅನುಪಾತ 11.6. ಕಾಗದದ 10.5ಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

3.4 ಸಿಸಿ ಎಲ್ಲಿ ಹೋಯಿತು? ಒಂದು ಸಿಸಿಯಷ್ಟು ನಾನು ಹಾಕಿದ ತೆಳು ಬೇಸ್ ಗ್ಯಾಸ್ಕೆಟ್‌ನಿಂದ. ಉಳಿದದ್ದಕ್ಕೆ ಉತ್ತರ ಹೆಡ್‌ನ ಮೈಮೇಲೆಯೇ ಬರೆದಿತ್ತು. ಗ್ಯಾಸ್ಕೆಟ್ ಕೂರುವ ಮುಖವನ್ನು ಓರೆ ಬೆಳಕಿನಲ್ಲಿ ಹಿಡಿದಾಗ ಕಂಡ ಕಟರ್ ಗುರುತುಗಳು ಕಾರ್ಖಾನೆಯವಾಗಿರಲಿಲ್ಲ. ಇದೇ ಮಾದರಿಯ, ಯಾರೂ ಮುಟ್ಟದ ಇನ್ನೊಂದು ಹೆಡ್ ಪಕ್ಕದಲ್ಲಿಟ್ಟು ದಪ್ಪ ಅಳೆದೆ: ನಮ್ಮದು 0.6 ಮಿ.ಮೀ. ಕಡಿಮೆ. ಸೀಲೆಂಟ್ ಮೆತ್ತಿದ ಅದೇ ಹಿಂದಿನ ಕೈ, ಕಂಪ್ರೆಷನ್ ಏರಿಸಲೆಂದೋ ಸೊಟ್ಟಾದ ಮುಖವನ್ನು ನೇರ ಮಾಡಲೆಂದೋ, ಹೆಡ್ಡನ್ನು ಹೆರೆಸಿತ್ತು.

ಮತ್ತೆ ಸ್ಕ್ವಿಶ್ ಅಳತೆ ಸರಿ ಬಂದದ್ದು ಹೇಗೆ? ಈ ಹೆಡ್‌ನಲ್ಲಿ ಸ್ಕ್ವಿಶ್ ಪಟ್ಟಿ ಗ್ಯಾಸ್ಕೆಟ್ ಮುಖದ ಮಟ್ಟದಲ್ಲೇ ಇದೆ. ಮುಖ ಹೆರೆದಾಗ ಪಟ್ಟಿಯೂ ಅಷ್ಟೇ ಹೆರೆಯಲ್ಪಡುತ್ತದೆ, ಹಾಗಾಗಿ ಪಿಸ್ಟನ್‌ನ ಅಂಚಿನಿಂದ ಅದರ ದೂರ ಬದಲಾಗುವುದಿಲ್ಲ. ಕಡಿಮೆಯಾಗುವುದು ನಡುವಿನ ಕೋಣೆಯ ಆಳ ಮಾತ್ರ. ನನ್ನ ಬೆಸುಗೆ ತಂತಿ ಸುಳ್ಳು ಹೇಳಲಿಲ್ಲ. ಕೇಳದ ಪ್ರಶ್ನೆಗೆ ಅದು ಉತ್ತರ ಕೊಡಲಾರದು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಹೆಡ್ 0.6, ಬೇಸ್ ಗ್ಯಾಸ್ಕೆಟ್ 0.2, ಒಟ್ಟು 0.8 ಮಿ.ಮೀ.ನಷ್ಟು, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ಗಳು ಕ್ರ್ಯಾಂಕ್‌ಗೆ ಹತ್ತಿರವಾಗಿದ್ದವು. ಚೈನ್‌ನ ಎಳೆಯುವ ಬದಿ ಮುಂದೆ, ಟೆನ್ಷನರ್ ಹಿಂದೆ. ದೂರ ಕಡಿಮೆಯಾದಾಗ ಉಳಿದ ಚೈನನ್ನು ಟೆನ್ಷನರ್ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಎರಡೂ ಕ್ಯಾಮ್‌ಗಳು ತಡವಾಗುತ್ತವೆ. ಡಿಗ್ರಿ ಚಕ್ರ ಕಟ್ಟಿ ನೋಡಿದರೆ ಕ್ರ್ಯಾಂಕ್‌ನ ಲೆಕ್ಕದಲ್ಲಿ ಸುಮಾರು ಮೂರು ಡಿಗ್ರಿ ತಡ. ಇಂಟೇಕ್ ವಾಲ್ವ್ ತಡವಾಗಿ ಮುಚ್ಚಿದರೆ ನಿಧಾನ ವೇಗದಲ್ಲಿ ಸ್ವಲ್ಪ ಮಿಶ್ರಣ ವಾಪಸು ಹೋಗುತ್ತದೆ, ಗೇಜ್‌ನಲ್ಲಿ ಒತ್ತಡ ಕಡಿಮೆ ಕಾಣುತ್ತದೆ. ಒಂದು ದೋಷ ಇನ್ನೊಂದನ್ನು ಸ್ವಲ್ಪಮಟ್ಟಿಗೆ ಮರೆಮಾಚಿತ್ತು. ಕ್ಯಾಮ್ ಟೈಮಿಂಗ್ ಒಂದನ್ನೇ ಸರಿ ಮಾಡಿದ್ದರೆ ನಾಕಿಂಗ್ ಇನ್ನೂ ಕೆಟ್ಟದಾಗುತ್ತಿತ್ತು. ಎರಡನ್ನೂ ಒಟ್ಟಿಗೇ ಸರಿಪಡಿಸಬೇಕಾಯಿತು.

ದುರಸ್ತಿ

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ದಪ್ಪ ಬೇಸ್ ಗ್ಯಾಸ್ಕೆಟ್. ಲೆಕ್ಕ ಹಾಕಿದೆ: 3.4 ಸಿಸಿ ಮರಳಿ ಪಡೆಯಲು ಬ್ಲಾಕನ್ನು 0.66 ಮಿ.ಮೀ. ಎತ್ತಬೇಕು. ಆಗ ಸ್ಕ್ವಿಶ್ ಅಂತರ 1.66 ಆಗುತ್ತದೆ. ಅಷ್ಟು ಅಗಲವಾದರೆ ಅಂಚಿನ ಮಿಶ್ರಣ ಹಿಂಡಲ್ಪಡದೆ ಅಲ್ಲೇ ನಿಂತು, ಕೊನೆಗೆ ತಾನಾಗಿಯೇ ಸಿಡಿಯುತ್ತದೆ. ಅನುಪಾತ ಇಳಿಸಿದರೂ ನಾಕಿಂಗ್ ಹೋಗದಿರಬಹುದು. ಈ ಉಪಾಯವನ್ನು ನಾನು ಒಪ್ಪುವುದಿಲ್ಲ. ಹೆಡ್ ಬದಲಾಯಿಸುವುದು ಇನ್ನೊಂದು ದಾರಿ. ಆದರೆ ಅಳತೆಗೆ ಇಟ್ಟುಕೊಂಡ ಆ ಹೆಡ್ ಬೇರೆಯವರದು, ಒಳ್ಳೆಯ ಇನ್ನೊಂದು ಸಿಗುವುದು ಸುಲಭವಿರಲಿಲ್ಲ.

ಉಳಿದದ್ದು ಜಾಗವನ್ನು ಅಂಚಿನಲ್ಲಿ ಬಿಟ್ಟು ನಡುವಿನಲ್ಲಿ ಪಡೆಯುವ ದಾರಿ. ಬೋರ್ 81 ಆದರೂ ದಹನ ಕೋಣೆ 78ಕ್ಕೆ ಕಡೆದದ್ದೇ ಆಗಿತ್ತು. ವಾಲ್ವ್‌ಗಳ ಹೊರಬದಿಯ ಗೋಡೆ ಅವುಗಳಿಗೆ ಅಂಟಿಕೊಂಡಂತೆ ನಿಂತು ಗಾಳಿಗೆ ಅಡ್ಡವಾಗಿತ್ತು. ಹೊಸ ಗ್ಯಾಸ್ಕೆಟನ್ನು ಹೆಡ್ ಮೇಲಿಟ್ಟು 81ರ ವೃತ್ತವನ್ನು ಗೀಚಿ, ವಾಲ್ವ್‌ಗಳ ಸುತ್ತ ಮಾತ್ರ ಆ ಗೆರೆಯವರೆಗೆ ಗೋಡೆಯನ್ನು ಸವೆಸಿದೆ. ಮುಂದಿನ ಹಿಂದಿನ ಸ್ಕ್ವಿಶ್ ಪಟ್ಟಿಗಳನ್ನು ಮುಟ್ಟಲಿಲ್ಲ. ಅಲ್ಲಿ ಸುಮಾರು 1.4 ಸಿಸಿ ಸಿಕ್ಕಿತು, ಗಾಳಿಯ ದಾರಿಯೂ ತೆರೆಯಿತು. ಇನ್ನು 1.7 ಸಿಸಿಯಷ್ಟನ್ನು ಪಿಸ್ಟನ್ ನೆತ್ತಿಯ ಉಬ್ಬಿನಿಂದ ತೆಗೆಯಬೇಕಿತ್ತು. ನೆತ್ತಿಯ ದಪ್ಪ ಅಳೆದೆ, 7 ಮಿ.ಮೀ. ಬಂತು. ಉಬ್ಬಿನ ಮೇಲ್ಭಾಗದಲ್ಲಿ 0.6 ಮಿ.ಮೀ.ನಷ್ಟು ತೆಗೆದರೂ ಬಲಕ್ಕೆ ಧಕ್ಕೆಯಿಲ್ಲ. ಬೋರಿಂಗ್ ಮಾಡಿದ ಹಿರಿಯರೇ ಲೇತ್‌ನಲ್ಲಿ ಆ ಕೆಲಸ ಮಾಡಿಕೊಟ್ಟರು, ಚೂಪಾದ ಅಂಚುಗಳನ್ನೆಲ್ಲ ಮೊಂಡು ಮಾಡಿದರು. ಚೂಪಾದ ಅಂಚು ಕೆಂಪಗೆ ಕಾದು ಕಿಡಿಗೆ ಮುಂಚೆಯೇ ಮಿಶ್ರಣ ಹೊತ್ತಿಸುತ್ತದೆ. ನಾಲ್ಕೂ ಪಿಸ್ಟನ್‌ಗಳ ತೂಕ ಮತ್ತೆ ಹೊಂದಿಸಿ, ನಾಲ್ಕೂ ಕೋಣೆಗಳನ್ನು 0.2 ಸಿಸಿ ಒಳಗಿನ ವ್ಯತ್ಯಾಸಕ್ಕೆ ತಂದು, ಮತ್ತೆ ಬ್ಯೂರೆಟ್ ಹಿಡಿದೆ. 31.7 ಸಿಸಿ. ಅನುಪಾತ 10.6. ಸ್ಕ್ವಿಶ್ ಅದೇ 1.0.

ಕ್ಯಾಮ್ ಸ್ಪ್ರಾಕೆಟ್‌ಗಳ ಬೋಲ್ಟ್ ರಂಧ್ರಗಳನ್ನು ಉದ್ದಗೊಳಿಸಿ ಟೈಮಿಂಗನ್ನು ಕಾರ್ಖಾನೆಯ ಅಳತೆಗೆ ತಂದೆ. ಪಿಸ್ಟನ್ ಮೇಲೆ ಜೇಡಿಮಣ್ಣಿಟ್ಟು ವಾಲ್ವ್‌ಗಳ ಅಂತರ ನೋಡಿದೆ: ಇಂಟೇಕ್ 1.8, ಎಕ್ಸಾಸ್ಟ್ 2.3 ಮಿ.ಮೀ. ಸಾಕಷ್ಟಿತ್ತು.

ಸಿಸಿ ಏರಿದ ಮೇಲೆ ಉಳಿದ ಭಾಗಗಳು

ಕಾರ್ಬ್ಯುರೇಟರ್ ಬಗ್ಗೆ ತಪ್ಪು ಕಲ್ಪನೆಯೊಂದಿದೆ: ಸಿಸಿ ಎಂಟು ಶೇಕಡಾ ಏರಿದರೆ ಜೆಟ್ ಕೂಡ ಅಷ್ಟೇ ಏರಬೇಕು ಎಂಬುದು. ಅದೇ 36 ಮಿ.ಮೀ. ಕಾರ್ಬ್ಯುರೇಟರ್ ಮೂಲಕ ಹೆಚ್ಚು ಗಾಳಿ ಹೋದಾಗ ವೇಗ ಹೆಚ್ಚುತ್ತದೆ, ಜೆಟ್‌ನ ಮೇಲಿನ ಎಳೆತವೂ ಹೆಚ್ಚುತ್ತದೆ, ಪೆಟ್ರೋಲ್ ತಾನಾಗಿಯೇ ಬಹುಪಾಲು ಹೊಂದಿಕೊಳ್ಳುತ್ತದೆ. ಮೂಲ ಗಾಳಿಪೆಟ್ಟಿಗೆಯನ್ನೇ ಉಳಿಸಿದ್ದರಿಂದ ಮುಖ್ಯ ಜೆಟ್ ಎರಡು ಅಳತೆ ಮಾತ್ರ ದೊಡ್ಡದು ಮಾಡಿ, ಸೂಜಿಯನ್ನು ಸ್ವಲ್ಪ ಎತ್ತಿದೆವು. ಆಮ್ಲಜನಕ ಸಂವೇದಕ ಹಾಕಿ ನೋಡಿದಾಗ ಪೂರ್ತಿ ಥ್ರಾಟಲ್‌ನಲ್ಲಿ ಗಾಳಿ ಪೆಟ್ರೋಲ್ ಅನುಪಾತ 12.8ರ ಆಸುಪಾಸಿನಲ್ಲಿ ನಿಂತಿತು.

ಶಕ್ತಿಯ ಸ್ವಭಾವವೂ ಬದಲಾಗುತ್ತದೆ. ಪೋರ್ಟ್, ವಾಲ್ವ್, ಕ್ಯಾಮ್ ಅವೇ ಇರುವಾಗ ದೊಡ್ಡ ಸಿಲಿಂಡರ್ ಅದೇ ಗಾಳಿಯ ಮಿತಿಯನ್ನು ಕಡಿಮೆ ಸುತ್ತಿನಲ್ಲೇ ಮುಟ್ಟುತ್ತದೆ. ಮೊದಲು 9,500ರಲ್ಲಿ ಶಿಖರ ಮುಟ್ಟುತ್ತಿದ್ದ ಎಂಜಿನ್ ಈ ಲೆಕ್ಕದಲ್ಲಿ 8,800ರಲ್ಲೇ ಮುಟ್ಟುತ್ತದೆ. ಲಾಭ ಸಿಗುವುದು ನಡುವಿನಲ್ಲಿ, ಎಳೆಯುವ ಬಲದಲ್ಲಿ. ತುದಿಯ ವೇಗಕ್ಕೆಂದು ಸಿಸಿ ಏರಿಸುವವರಿಗೆ ಇದನ್ನು ಮೊದಲೇ ಹೇಳುವುದು ಒಳ್ಳೆಯದು. ಸ್ಟ್ರೋಕ್ ಬದಲಾಗದ ಕಾರಣ ಪಿಸ್ಟನ್‌ನ ಸರಾಸರಿ ವೇಗ ಏರುವುದಿಲ್ಲ, 11,000 ಸುತ್ತಿನಲ್ಲಿ ಸೆಕೆಂಡಿಗೆ 21.6 ಮೀಟರ್, ಹಿಂದೆ ಇದ್ದಷ್ಟೇ. ಆದರೆ ಪಿಸ್ಟನ್ ನೆತ್ತಿಯ ವಿಸ್ತೀರ್ಣ 7.8 ಶೇಕಡಾ ಹೆಚ್ಚಿದ್ದರಿಂದ ಅದೇ ಒತ್ತಡಕ್ಕೆ ರಾಡ್ ಮತ್ತು ಬೇರಿಂಗ್ ಮೇಲಿನ ಹೊರೆ ಅಷ್ಟೇ ಹೆಚ್ಚುತ್ತದೆ. ಹೊಸ ಬೇರಿಂಗ್ ಶೆಲ್‌ಗಳನ್ನು ಹಾಕಿದ್ದು ಅದಕ್ಕೇ.

ಕ್ಲಚ್ ಎರಡನೇ ಸವಾರಿಯಲ್ಲೇ ಜಾರತೊಡಗಿತು. ಹೊಸ ಪ್ಲೇಟ್‌ಗಳು, ಬಿಗಿಯಾದ ಸ್ಪ್ರಿಂಗ್. ಬ್ಯಾಟರಿ ಹಳತಾಗಿತ್ತು, ಬದಲಾಯಿಸಿದೆವು. ಕಂಪ್ರೆಷನ್ ಏರಿದ ಎಂಜಿನ್‌ನಲ್ಲಿ ಸೋತ ಬ್ಯಾಟರಿ ಮೊದಲು ಹಾಳು ಮಾಡುವುದು ಸ್ಟಾರ್ಟರ್ ಕ್ಲಚ್ಚನ್ನು. ನೋಂದಣಿ ಪತ್ರದಲ್ಲಿ ಸಿಸಿ ನಮೂದಾಗಿರುವ ಕಡೆಯೆಲ್ಲ ಈ ಬದಲಾವಣೆಯನ್ನು ಸಂಬಂಧಪಟ್ಟವರಿಗೆ ಮತ್ತು ವಿಮೆಯವರಿಗೆ ತಿಳಿಸಬೇಕಾಗುತ್ತದೆ. ಮಾಲೀಕರಿಗೆ ಇದನ್ನು ಕಿಟ್ ತರಿಸುವ ಮೊದಲೇ ಹೇಳಿದ್ದೆ.

ಎಣ್ಣೆಯ ಬಿಸಿ ನನ್ನ ಕೊನೆಯ ಚಿಂತೆಯಾಗಿತ್ತು. ಅದೇ ಸುತ್ತಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟರೆ ಎಂಟು ಶೇಕಡಾ ಹೆಚ್ಚು ಇಂಧನ ಉರಿಯುತ್ತದೆ, ತಣಿಸುವ ಕೂಲರ್ ಮಾತ್ರ ಹಳೆಯದೇ. ಎಂಜಿನ್‌ನ ತಳದಲ್ಲಿ ಎಣ್ಣೆ ನಿಲ್ಲುವ ಸಂಪ್‌ನಲ್ಲಿ ತಾಪಮಾಪಕ ಇಟ್ಟು, ಮೊದಲು ನಾಕಿಂಗ್ ಆಗಿದ್ದ ಅದೇ ಘಾಟಿಯನ್ನು ಅದೇ ಬಿಸಿಲಿನ ಹೊತ್ತಿನಲ್ಲಿ ಹತ್ತಿಸಿದೆವು. ಎಣ್ಣೆ 120 ಡಿಗ್ರಿ ದಾಟಲಿಲ್ಲ. ಗೋಲಿಗಳ ಸದ್ದೂ ಬರಲಿಲ್ಲ.

ಎಷ್ಟು ಅಶ್ವಶಕ್ತಿ ಹೆಚ್ಚಾಯಿತು ಎಂದು ಹಲವರು ಕೇಳಿದ್ದಾರೆ. ಆರೋಗ್ಯವಾಗಿದ್ದ 1127ರ ಅಳತೆ ನಮ್ಮ ಬಳಿ ಇಲ್ಲ, ಬಂದಾಗಲೇ ಅದು ಗಾಯಗೊಂಡಿತ್ತು. ಹೋಲಿಸಲು ಏನೂ ಇಲ್ಲದೆ ಒಂದು ಸಂಖ್ಯೆ ಹೇಳುವುದು ಸರಿಯಲ್ಲ. ಮಾಲೀಕರು ಹಿಂದಿನ ಸ್ಪ್ರಾಕೆಟ್‌ನಲ್ಲಿ ಎರಡು ಹಲ್ಲು ಕಡಿಮೆ ಮಾಡಿಕೊಂಡಿದ್ದಾರೆ. ನಾಲ್ಕು ಸಾವಿರ ಸುತ್ತಿನಿಂದಲೇ ಅದು ತಡವರಿಸದೆ ಆ ಎತ್ತರದ ಗೇರನ್ನು ಎಳೆಯುತ್ತದೆ.

9,000 ಕಿ.ಮೀ. ಆದ ಮೇಲೆ ಬೈಕ್ ತಪಾಸಣೆಗೆ ಬಂದಿತ್ತು. ಸಿಲಿಂಡರ್‌ಗಳಿಗೆ ಗಾಳಿ ತುಂಬಿ ಸೋರಿಕೆ ನೋಡಿದಾಗ ನಾಲ್ಕರಲ್ಲೂ 7 ಶೇಕಡಾ ಒಳಗಿತ್ತು. ಪ್ಲಗ್‌ಗಳ ಪಿಂಗಾಣಿ ಶುಭ್ರ, ಚುಕ್ಕೆಗಳಿಲ್ಲ. ವಾಲ್ವ್‌ಗಳ ಅಂತರ ಸರಿಪಡಿಸಿದ ಮೇಲೆ ನಾನೂ ಮಾಲೀಕರೂ ಕೂತು ಒಂದು ಹಾಳೆ ತುಂಬಿದೆವು. ಪ್ರತಿ ಸಿಲಿಂಡರ್‌ನ ಬೋರ್, ಹೆರೆದ ಹೆಡ್‌ನ ಈಗಿನ ದಪ್ಪ, ಎರಡೂ ಗ್ಯಾಸ್ಕೆಟ್‌ಗಳ ದಪ್ಪ, ಕೋಣೆಯ ಗಾತ್ರ, ಪಿಸ್ಟನ್‌ನಿಂದ ತೆಗೆದದ್ದು ಎಷ್ಟು, ಸ್ಪ್ರಾಕೆಟ್ ರಂಧ್ರ ಉದ್ದವಾದದ್ದು, ಯಾವ ಜೆಟ್ ಕಟ್ಟಿಕೊಂಡಿತ್ತು ಎಂಬುದೂ ಅದರಲ್ಲಿದೆ. ಹಾಳೆಯನ್ನು ಪ್ಲಾಸ್ಟಿಕ್ ಹಾಕಿಸಿ ಸೀಟಿನ ಅಡಿಯಲ್ಲಿ, ಬೈಕ್‌ನ ಕೈಪಿಡಿಯ ಜೊತೆಗೆ ಇಟ್ಟಿದ್ದೇವೆ. ಮುಂದೆ ಅದನ್ನು ಬಿಚ್ಚುವವರು ಯಾರೋ, ಅವರಿಗೆ ಅದು ಮೊದಲು ಸಿಗುತ್ತದೆ.